ನೆಂಟ ಉಂಡೇಳುವ ತನಕ

ಅಕ್ಕನ ಗಾಳಕ್ಕೆ ನೆಂಟ ಅಂಟಿದ ಮೀನು ಬಿದ್ದಿದೆ ಎಂಬ ಸುದ್ದಿ ಬಂದಾಗ ನಾನು ಹಿಟ್ಟಿನ ಗಿರಣಿಯವರ ಸೊಸೆಯ ರವಿಕೆಗೆ ಕೊಕ್ಕೆ ಹೊಲಿಯುತ್ತಿದ್ದೆ. ಸುದ್ದಿ ತಂದವನು ದಡದ ಜವರಯ್ಯ. ಯಾರ ಗಾಳಕ್ಕೆ ನೆಂಟ ಬಂತು, ಯಾವಾಗ ಎದ್ದು ಹೋಯಿತು ಎಂದು ನೋಡಿಕೊಂಡು ಊರಿಗೆ ಕೂಗಿ ಹೇಳುವುದು ಅವನ ಕೆಲಸ. ಬಾಗಿಲಿಗೆ ಒರಗಿ ನಿಂತು, "ನಿಂಗಾಜಮ್ಮ, ನಿಮ್ಮಕ್ಕ ಕೂತವ್ಳೆ ಕಣವ್ವ. ಮಧ್ಯಾಹ್ನಕ್ಕೆ ಬುತ್ತಿ ತಕಂಡು ಬಾ" ಅಂದ.

"ನಂಗೆ ಅಕ್ಕ ಇಲ್ಲ" ಅಂದೆ, ಸೂಜಿಯಿಂದ ಕಣ್ಣೆತ್ತದೆ.

"ನೀನು ಇಲ್ಲ ಅಂದ್ಬುಟ್ರೆ ಹೊಳೆ ಕೇಳ್ತದಾ? ಅವ್ಳಿಗೆ ನೀನೊಬ್ಳು, ನಿಂಗೆ ಅವ್ಳೊಬ್ಳು. ಬುತ್ತಿ ಬ್ಯಾರೆ ಯಾರು ತಂದಾರು?" ಎಂದವನೇ ಹೆಗಲ ಮೇಲಿನ ಟವಲು ಕೊಡವಿಕೊಂಡು ಹೋದ. ನನಗೆ ಬಂದ ಸಿಟ್ಟಿಗೆ ಸೂಜಿ ಬೆರಳಿಗೇ ಚುಚ್ಚಿತು.

ನಮ್ಮ ಹೊಳೆಯಲ್ಲಿ ಗೆಂಡೆ ಮೀನು ಹೇರಳ. ನೂರರಲ್ಲಿ ಒಂದೆರಡರ ಮೈಗೆ ನೆಂಟ ಅಂಟಿಕೊಂಡಿರುತ್ತದೆ. ಗೇಣುದ್ದ, ಹೆಬ್ಬೆರಳಿನ ದಪ್ಪ, ಹಾವಿನಂಥ ನುಣುಪು ಮೈ. ದವಡೆಯೇ ಇಲ್ಲದ ದುಂಡನೆಯ ಬಾಯಿ, ಅದರ ಸುತ್ತಲೂ ಹಲ್ಲು. ಮೀನಿನ ಕಿವಿರಿನ ಹಿಂದೆ ಬಾಯಿ ಊರಿ ರಕ್ತ ಹೀರುತ್ತಾ ಮೀನು ಹೋದಲ್ಲಿಗೆಲ್ಲ ತಾನೂ ಹೋಗುತ್ತದೆ. ಬೇರೆ ಊರಿನವರು ಅದನ್ನು ಕಿತ್ತು ಬಿಸಾಡಿ ಮೀನನ್ನು ಸಾರು ಮಾಡುತ್ತಾರಂತೆ. ನಮ್ಮಲ್ಲಿ ಉಣ್ಣುತ್ತಿರುವವರನ್ನು ಎಬ್ಬಿಸುವ ಪದ್ಧತಿ ಇಲ್ಲ. ಮೀನನ್ನು ನೀರಿನಲ್ಲೇ ಇಟ್ಟುಕೊಂಡು, ಗಾಳದ ಕೋಲು ಹಿಡಿದು, ನೆಂಟ ಹೊಟ್ಟೆ ತುಂಬಿ ತಾನಾಗಿ ಬಿಡುವ ತನಕ ಕೂತಿರಬೇಕು. ಬಿಟ್ಟ ಕೂಡಲೇ ಮೀನಿನ ಬಾಯಿಂದ ಗಾಳ ಬಿಡಿಸಿ ಅದನ್ನೂ ಹೊಳೆಗೆ ಕಳಿಸಬೇಕು. ಒಬ್ಬರಿಗೆ ಉಣ್ಣಲು ಕೊಟ್ಟದ್ದನ್ನು ಇನ್ನೊಬ್ಬರು ಉಣ್ಣಬಾರದು. ಒಂದು ಹೊತ್ತೂ ಆಗಬಹುದು, ಒಂಬತ್ತು ದಿನವೂ ಆಗಬಹುದು.

ಹಾಗಾಗಿ ನಮ್ಮೂರಲ್ಲಿ ಯಾರನ್ನು ಮದುವೆಗೆ ಕರೆದರೂ "ಹೊಳೆ ಬಿಟ್ಟರೆ ಬರ್ತೀವಿ" ಅನ್ನುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮೇಷ್ಟ್ರ ಹೆಸರಿನ ಮುಂದೆ "ಕೂತಿದ್ದಾರೆ" ಎಂದು ಬರೆದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಗಾಳದ ಮಂಟಿಯ, ಅಂದರೆ ದಂಡೆಯ ದಿಬ್ಬದ, ಮೇಲೆ ಕೂತಲ್ಲೇ ಕ್ಷೌರ ಮಾಡಿಸಿಕೊಂಡವರಿದ್ದಾರೆ. ಬಡಗಿ ಚೆನ್ನಿಗಯ್ಯನಂತೂ ಎಡಗೈಯಲ್ಲಿ ಕೋಲು ಹಿಡಿದು ಬಲಗೈ ಒಂದರಲ್ಲೇ ತಾಳಿ ಕಟ್ಟಿದ. ಗಂಟು ಹಾಕಲು ಹುಡುಗಿಯೇ ಕೈ ಕೊಡಬೇಕಾಯಿತು. ಈಗಲೂ ಅವರ ಮನೆಯಲ್ಲಿ ಜಗಳವಾದರೆ "ನಾನೇ ಕಟ್ಟಿಕೊಂಡ ತಾಳಿ ಇದು" ಎಂದು ಅವಳು ಮಾತಿಗೊಮ್ಮೆ ಎತ್ತಿ ತೋರಿಸುತ್ತಾಳೆ.

ಕೂತವರು ಎದ್ದು ಹೋಗುವಂತಿಲ್ಲ. ಪಕ್ಕದ ಕಲ್ಲಿನ ಸಂದಿಗೆ ಕೋಲು ಸಿಕ್ಕಿಸಿ ಎದ್ದರೆ, ಒಂದು ಎಲೆಅಡಿಕೆ ಜಗಿದು ಉಗಿಯುವಷ್ಟರಲ್ಲಿ ವಾಪಸು ಬಂದಿರಬೇಕು. ರಾತ್ರಿ ದಾರವನ್ನು ಬೆರಳಿಗೆ ಸುತ್ತಿಕೊಂಡೇ ಮಲಗಬೇಕು. ಕೋಲು ಕೈ ಬದಲಾಯಿಸಬೇಕೆಂದರೆ ಹೆತ್ತವರ ಕೈ, ಇಲ್ಲವೇ ಒಡಹುಟ್ಟಿದವರ ಕೈ ಆಗಬೇಕು. ಬುತ್ತಿಯೂ ಅವರದೇ. ಅದನ್ನು ಸುಮ್ಮನೆ ಇಟ್ಟು ಬಂದರಾಗದು, ಅಕ್ಕ, ಮಗ ಎಂದು ಸಂಬಂಧ ಹಿಡಿದು ಕರೆದು ಕೊಡಬೇಕು. ಕರೆಯದೆ ಇಟ್ಟ ಅನ್ನವನ್ನು ಕೂತವರು ಮುಟ್ಟುವುದಿಲ್ಲ.

ನಾನು ನಮ್ಮಕ್ಕ ಮಂಚಮ್ಮನನ್ನು ಕರೆದು ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷ ಅವಳ ಗಾಳಕ್ಕೆ ಬಂದ ನೆಂಟರೆಲ್ಲ ಒಂದೇ ಹೊತ್ತಿಗೆ ಉಂಡೆದ್ದು ಹೋಗಿದ್ದರು, ಬುತ್ತಿಯ ಮಾತೇ ಬಂದಿರಲಿಲ್ಲ. ನಮ್ಮಿಬ್ಬರದೂ ಒಂದೇ ಗೋಡೆಯ ಎರಡು ಮನೆ. ಆ ಗೋಡೆಯಲ್ಲಿ ಒಂದು ಕಿಟಕಿ ಇತ್ತು. ಇಟ್ಟಿಗೆ ತರಿಸಿ ಮುಚ್ಚಿಸಿದವಳು ನಾನು. ಅವಳು ಮದುವೆಯಾಗಲಿಲ್ಲ, ಗಾಳವನ್ನೇ ಕಟ್ಟಿಕೊಂಡಳು. ನಾನು ಆದೆ, ಆತ ಹೋದ, ನನಗೆ ಉಳಿದದ್ದು ಹೊಲಿಗೆ ಮಿಷನ್ನು. ನಮ್ಮವ್ವ ಸಾಯುವಾಗ ಅಕ್ಕ ಹೊಳೆದಂಡೆಯಲ್ಲಿ ನೆಂಟನನ್ನು ಕಾಯುತ್ತ ಕೂತಿದ್ದಳು. ಅವ್ವ "ಮಂಚಿ ಎಲ್ಲಿ, ಮಂಚಿ ಎಲ್ಲಿ" ಎಂದು ಎರಡು ದಿನ ಕೇಳಿದಳು, ಮೂರನೆಯ ದಿನ ಕೇಳುವುದನ್ನು ಬಿಟ್ಟಳು. ಅಕ್ಕ ಬಂದದ್ದು ಮಣ್ಣಾದ ಮಾರನೆಯ ದಿನ. "ಅವ್ವನಿಗಿಂತ ಹುಳ ದೊಡ್ಡದಾಯ್ತಾ ನಿಂಗೆ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ. ಅವಳು ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಅಷ್ಟೇ. ಊರೆಲ್ಲ ನನ್ನ ಕಡೆಗಿತ್ತು.

ಮಧ್ಯಾಹ್ನ ಮುದ್ದೆ, ಬಸ್ಸಾರು ಕ್ಯಾರಿಯರಿಗೆ ಹಾಕಿಕೊಂಡು ಹೋದೆ. ಹೋಗದಿದ್ದರೆ ಊರು ಉಗಿಯುತ್ತಿತ್ತು, ಅದಕ್ಕೇ ಹೋದೆ. ಅಕ್ಕ ಮಂಟಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಇಷ್ಟು ಹತ್ತಿರದಿಂದ ನೋಡಿ ಯಾವ ಕಾಲವಾಗಿತ್ತೋ, ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ನೀರು ತಿಳಿಯಾಗಿತ್ತು. ಮೊಳದುದ್ದದ ಗೆಂಡೆ ಕಲ್ಲಿನ ಮರೆಯಲ್ಲಿ ನಿಂತು ಕಿವಿರು ಆಡಿಸುತ್ತಿತ್ತು, ಅದರ ಮಗ್ಗುಲಲ್ಲಿ ನೆಂಟ ನೇತಾಡುತ್ತಿತ್ತು. ಕ್ಯಾರಿಯರು ಕುಕ್ಕಿ, "ಉಣ್ಣಿ" ಅಂದೆ.

ಅಕ್ಕ ಅಲ್ಲಾಡಲಿಲ್ಲ. ದೂರದಲ್ಲಿ ಬೀಡಿ ಸೇದುತ್ತಿದ್ದ ಜವರಯ್ಯ, "ಉಣ್ಣಿ ಅಂದ್ರೆ ಯಾರಿಗೆ ಕಣವ್ವ? ಎಮ್ಮೆ ಮೈಮೇಲಿನ ಉಣ್ಣೆಗಾ?" ಅಂದ.

ಅವನ ನಾಲಗೆ ಸೇದಿಹೋಗ ಎಂದುಕೊಂಡೆ. ಬಿಸಿಲಿಗೆ ಮುದ್ದೆ ಒಣಗುತ್ತಿತ್ತು. ನೀರಿನ ಕಡೆ ಮುಖ ಮಾಡಿಕೊಂಡು, ಕಷಾಯ ಕುಡಿದವರ ಹಾಗೆ, "ಅಕ್ಕ, ಉಣ್ಣು ಬಾ" ಅಂದುಬಿಟ್ಟೆ. ಅವಳು ಕ್ಯಾರಿಯರಿನ ಮುಚ್ಚಳ ತೆಗೆದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

ಎರಡನೆಯ ದಿನವೂ ಹಾಗೇ ಕರೆದೆ, ಹಾಗೇ ಉಂಡಳು. ಮೂರನೆಯ ದಿನ ಅರ್ಧ ಉಂಡವಳು ತಲೆ ಎತ್ತಿ, ಹನ್ನೊಂದು ವರ್ಷದ ಮೇಲೆ ಮೊದಲ ಮಾತಾಡಿದಳು. "ಸಾರಿಗೆ ಉಪ್ಪು ಸಾಲ್ದು."

ಎಲಾ ಇವಳ! ನೀರು ಕಾಯಿಸಿದರೂ ಸೀಯಿಸುವ ಕೈ ಅವಳದು. ಅವಳು ತಿರುವಿದ ಮುದ್ದೆಯ ಗಂಟುಗಳಲ್ಲಿ ಗೋಲಿ ಆಡಬಹುದು ಎಂದು ಅವ್ವ ನಗುತ್ತಿದ್ದಳು. ಅಂಥವಳು ನನಗೆ ಉಪ್ಪಿನ ಲೆಕ್ಕ ಹೇಳುವುದೇ? "ಬೇಕಾದ್ರೆ ಉಣ್ಣು, ಬ್ಯಾಡ್ದಿದ್ರೆ ನಿನ್ನ ನೆಂಟಂಗೆ ಹಾಕು" ಅಂದೆ.

"ಅವ್ನಿಗೆ ಬ್ಯಾರೆ ಊಟ ಐತೆ" ಅಂದಳು. ಆಮೇಲೆ ಇಬ್ಬರೂ ಮುಖ ಆ ಕಡೆ ಈ ಕಡೆ ತಿರುಗಿಸಿಕೊಂಡೆವು. ನನಗೆ ನಗು ಬಂದಿತ್ತು. ಮನೆಗೆ ಬಂದು ಮಿಷನ್ನು ತುಳಿಯುವಾಗಲೂ ಬಂತು. ಮರುದಿನ ಉಪ್ಪು ಒಂದು ಚಿಟಿಕೆ ಜಾಸ್ತಿ ಹಾಕಿದೆ.

ನಾಲ್ಕನೆಯ ದಿನ ಹೋದಾಗ ಅವಳನ್ನು ಸರಿಯಾಗಿ ನೋಡಿದೆ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ತಲೆಗೂದಲು ಜಡೆಗಟ್ಟಿತ್ತು, ಒದ್ದೆ ಸೀರೆ ಮೈಮೇಲೇ ಒಣಗಿ ನಾರುತ್ತಿತ್ತು. ಊಟ ಮುಗಿಸಿ ಕೈ ತೊಳೆದ ಮೇಲೆ, ನನ್ನ ಬಾಯಿಂದ ತಾನಾಗಿ ಮಾತು ಬಂತು. "ಕೋಲು ಕೊಡಿಲ್ಲಿ. ಮನೆಗೋಗಿ ನೀರು ಹುಯ್ಕಂಡು ಬಾ. ನಾ ಹಿಡ್ಕಂಡಿರ್ತೀನಿ."

ಅಕ್ಕ ನನ್ನನ್ನೇ ನೋಡಿದಳು. ಒಂದು ಗಳಿಗೆ ಕೋಲನ್ನು ಬಿಗಿಯಾಗಿ ಹಿಡಿದಿದ್ದು ಆಮೇಲೆ ನನ್ನ ಕೈಗೆ ಕೊಟ್ಟಳು. ಕೂತು ಕೂತು ಮರಗಟ್ಟಿದ ಕಾಲನ್ನು ಉಜ್ಜಿಕೊಂಡು, ಕುಂಟುತ್ತ ದಂಡೆ ಹತ್ತಿ ಹೋದಳು.

ಈಗ ಒಂದು ಮಾತು ಹೇಳಬೇಕು, ಇಲ್ಲಿಯ ತನಕ ನುಂಗಿಕೊಂಡು ಬಂದಿದ್ದೇನೆ. ಅವ್ವ ಮಲಗಿದ್ದಾಗ ಅಕ್ಕ ಸುಮ್ಮನೆ ಕೂತಿರಲಿಲ್ಲ. ಎರಡನೆಯ ದಿನ ಜವರಯ್ಯನ ಕೈಯಲ್ಲಿ ಹೇಳಿ ಕಳಿಸಿದ್ದಳು: "ತಂಗ್ಯವ್ವಂಗೆ ಹೇಳು, ಒಂದು ಗಳಿಗೆ ಬಂದು ಕೋಲು ಹಿಡ್ಕಳ್ಳಲಿ, ಓಡೋಗಿ ಅವ್ವನ ಮುಖ ನೋಡ್ಕಂಡು ಬತ್ತೀನಿ." ಚಿಕ್ಕವಳಿದ್ದಾಗಿನಿಂದ ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ, ತಂಗ್ಯವ್ವ ಎಂದು. ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಅವ್ವನ ಬಟ್ಟೆ ಬದಲಾಯಿಸಿ ಸೊಂಟ ಬಿದ್ದುಹೋಗಿತ್ತು. ಎಲ್ಲ ನಾನೇ ಮಾಡಿದರೂ ಅವ್ವನ ಬಾಯಲ್ಲಿ ಮಂಚಿ, ಮಂಚಿ. ಹೊಟ್ಟೆಕಿಚ್ಚಿಗೆ ಔಷಧಿ ಉಂಟೇ? "ನಾನು ಸಿಕ್ಕಲಿಲ್ಲ ಅಂತೇಳು" ಎಂದು ಜವರಯ್ಯನನ್ನು ಕಳಿಸಿಬಿಟ್ಟೆ. ಸಾಯಂಕಾಲ ಹೋದರಾಯಿತು, ಸಿಟ್ಟಿಳಿದ ಮೇಲೆ ಹೋದರಾಯಿತು ಅಂದುಕೊಂಡೆ. ಅವ್ವ ನನ್ನ ಸಿಟ್ಟು ಇಳಿಯುವ ತನಕ ಕಾಯಲಿಲ್ಲ. ಆಮೇಲೆ ನಾನು ಎಷ್ಟು ಕೂಗಾಡಿದೆನೋ ಅಷ್ಟೂ ನನ್ನ ತಪ್ಪು ಮುಚ್ಚಿಕೊಳ್ಳುವುದಕ್ಕೆ. ಅಕ್ಕ ಒಂದು ದಿನವೂ "ಹೇಳಿ ಕಳಿಸಿದ್ದೆ" ಎಂದು ಬಾಯಿ ಬಿಡಲಿಲ್ಲ. ಹಾಗೆ ಅಂದಿದ್ದರೆ ಊರು ಜವರಯ್ಯನನ್ನು ಹಿಡಿದು ಕೇಳುತ್ತಿತ್ತು. ಪಾಪ, ಅವನ ತಲೆಗೆ ಬರುತ್ತದೆಂದು ಸುಮ್ಮನಿದ್ದಳೋ ಏನೋ.

ಆ ಕೋಲು ಹಿಡಿದು ಕೂತಾಗ ಇದೆಲ್ಲ ನೆನಪಾಯಿತು. ಒಂದು ಗಳಿಗೆಯ ಕೆಲಸ. ಎಷ್ಟು ಸಲೀಸು. ಕಣ್ಣೀರು ಒರೆಸಿಕೊಂಡು ನೀರಿನ ಕಡೆ ನೋಡುತ್ತಿದ್ದೆ. ಆಗ ನನ್ನ ಕಣ್ಣೆದುರಿಗೇ ನೆಂಟ ಬಾಯಿ ಬಿಟ್ಟಿತು. ಮೈ ಒಮ್ಮೆ ನುಲಿದು, ಸೋಮಾರಿಯ ಹಾಗೆ ತೇಲಿ, ಕಲ್ಲಿನ ಸಂದಿಗೆ ಹೊರಟುಹೋಯಿತು. ಗೆಂಡೆಯ ಮೈಮೇಲೆ ಬಳೆ ಒತ್ತಿದಂತೆ ದುಂಡನೆಯ ಕೆಂಪು ಗುರುತು ಉಳಿಯಿತು.

ನಾನು ಕೂಗಿ ಹೇಳಬೇಕಿತ್ತು. ಗಾಳ ಬಿಡಿಸಬೇಕಿತ್ತು. ಅಷ್ಟರಲ್ಲಿ ಅಕ್ಕ ಒದ್ದೆ ಕೂದಲು ಬಿಟ್ಟುಕೊಂಡು, ಕೈಯಲ್ಲಿ ಬಾಚಣಿಗೆ ಹಿಡಿದು ಬಂದಳು. ಈಗ ಹೇಳಿದರೆ ಎದ್ದು ಹೋಗುತ್ತಾಳೆ. ನಾಳೆ ಬುತ್ತಿ ಇಲ್ಲ, ಕರೆಯುವುದಿಲ್ಲ, ಮತ್ತೆ ಅದೇ ಇಟ್ಟಿಗೆ ಗೋಡೆ. ಕೋಲು ಅವಳ ಕೈಗೆ ಕೊಡುತ್ತ, "ಇನ್ನೂ ಉಣ್ತಾ ಐತೆ" ಅಂದೆ.

"ಹೂಂ" ಅಂದಳು ಅಕ್ಕ. ಕೂತಳು. ಬಾಚಣಿಗೆಯನ್ನು ನನ್ನ ಕಡೆ ಚಾಚಿದಳು. ನಾನು ಅವಳ ಹಿಂದೆ ಕೂತು ಸಿಕ್ಕು ಬಿಡಿಸಿದೆ.

ಮಾರನೆಯ ಬೆಳಿಗ್ಗೆ ಜವರಯ್ಯ ಬಂದು ನೀರಿಗೆ ಬಗ್ಗಿದ. "ಎಲ್ಲವ್ವ, ಕಾಣಾಕಿಲ್ವಲ್ಲ?" ಅಂದ. ನಾನು ಅಂದು ಬೆಳಿಗ್ಗೆಯೂ ಗಂಜಿ ಕಟ್ಟಿಕೊಂಡು ಹೋಗಿದ್ದೆ. "ಆ ಮಗ್ಗುಲಲ್ಲಿ ಐತೆ" ಅಂದೆ. ಅವನು ನೀರು ನೋಡಿದ, ನನ್ನನ್ನು ನೋಡಿದ, ಅಕ್ಕನನ್ನು ನೋಡಿದ, ಅವಳ ಹೆಣೆದ ಜಡೆಯನ್ನು ನೋಡಿದ. ಆಮೇಲೆ ಊರ ಕಡೆ ತಿರುಗಿ, "ಮಂಚಮ್ಮನ ನೆಂಟ ಉಣ್ತಾ ಅವ್ನೆ!" ಎಂದು ಎಂದಿಗಿಂತ ಗಟ್ಟಿಯಾಗಿ ಕೂಗಿದ.

ಆ ಎರಡು ದಿನ ನನ್ನ ಜೀವಮಾನದಲ್ಲೇ ಒಳ್ಳೆಯ ದಿನಗಳು. ರವಿಕೆಗಳನ್ನು ಹೊಳೆದಂಡೆಗೇ ತಂದು ಹೊಲಿದೆ. ಗಾಳಕ್ಕೆ ಯಾವ ನೊಣ ಕಟ್ಟಿದರೆ ಯಾವ ಮೀನು ಬೀಳುತ್ತದೆ ಎಂದು ಅವಳು ಹೇಳಿದಳು. ಊರಿನ ಯಾವ ಹೆಂಗಸು ಸಣ್ಣಗಾಗಿದ್ದೇನೆ ಎಂದು ಸುಳ್ಳು ಅಳತೆ ಕೊಡುತ್ತಾಳೆಂದು ನಾನು ಹೇಳಿದೆ. ಇಬ್ಬರೂ ನಗಾಡಿದ್ದೂ ನಗಾಡಿದ್ದೇ. ಹುರುಳಿಕಟ್ಟು ಮಾಡಿಕೊಂಡು ಹೋದೆ, ಕಡಲೆಬೀಜ ಹುರಿದುಕೊಂಡು ಹೋದೆ. "ಅಕ್ಕ, ಉಣ್ಣು ಬಾ" ಎನ್ನುವುದಕ್ಕೆ ಹೊತ್ತಾಗುವುದನ್ನೇ ಕಾದೆ. ಅವ್ವನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಆರನೆಯ ದಿನ ಮಧ್ಯಾಹ್ನ ನೀರಿನಲ್ಲಿ ಏನೋ ಬೆಳ್ಳಗೆ ಹೊಳೆಯಿತು. ಗೆಂಡೆಯ ಹೊಟ್ಟೆ. ಮೀನು ಮಗ್ಗುಲಿಗೆ ವಾಲುತ್ತಿತ್ತು, ಕಷ್ಟಪಟ್ಟು ನೆಟ್ಟಗಾಗುತ್ತಿತ್ತು, ಮತ್ತೆ ವಾಲುತ್ತಿತ್ತು. ನೆಂಟನಿಗೆ ನಾಲ್ಕು ದಿನ ರಕ್ತ ಕೊಟ್ಟ ಜೀವ. ಆಮೇಲಿನ ಎರಡು ದಿನ ನನಗಾಗಿ ಗಾಳ ಕಚ್ಚಿಕೊಂಡು ನಿಂತಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅದೂ ಸಾಯುತ್ತದೆ. ಒಂದು ಗಳಿಗೆ ಸುಮ್ಮನಿದ್ದದ್ದಕ್ಕೆ ಒಮ್ಮೆ ಏನಾಯಿತೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು!

"ಅಕ್ಕ," ಅಂದೆ, "ನೆಂಟ ಇಲ್ಲ. ಮೊನ್ನೆಯೇ ಬಿಡ್ತು. ನಾನು ಕೋಲು ಹಿಡಿದಿದ್ದಾಗ. ಸುಳ್ಳು ಹೇಳ್ದೆ."

ಅಕ್ಕ ದಾರವನ್ನು ಎಳೆದುಕೊಳ್ಳುತ್ತಿದ್ದಳು. "ಗೊತ್ತು ಕಣೆ" ಅಂದಳು.

"ಗೊತ್ತಾ?"

"ನಲವತ್ತು ವರ್ಷದಿಂದ ದಾರ ಹಿಡ್ದವ್ಳು ನಾನು. ನೀ ಕೈಗೆ ಕೊಟ್ಟ ತಕ್ಷಣ ಬೆರಳಿಗೆ ತಿಳೀತು, ಹಗುರಾಗಿತ್ತು. ಹೇಳಿಬಿಟ್ರೆ ನಾಳೆಯಿಂದ ನೀ ಬರಾಕಿಲ್ವಲ್ಲ ಅಂತ ನಾನೂ ಸುಮ್ಕಾದೆ." ಅವಳ ಕಣ್ಣು ಒದ್ದೆಯಾಗಿತ್ತು. "ಇರು ಅಂತ ಯಾರೂ ಅಂದಿರ್ಲಿಲ್ಲ ಕಣೆ ನಂಗೆ, ಇಷ್ಟು ವರ್ಷ."

ಅಷ್ಟಕ್ಕೆ ಬಿಟ್ಟಿದ್ದರೆ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಆದರೆ ಅವಳು ಹಾಗೆ ಮೆತ್ತಗೆ ಮಾತಾಡಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಅವ್ವ ಮಲಗಿದ್ದಾಗ ನೀ ಹೇಳಿ ಕಳಿಸಿದ್ದು ನಂಗೆ ಮುಟ್ಟಿತ್ತು" ಅಂದೆ. "ಜವರಯ್ಯ ನನ್ನ ಮುಂದೇನೇ ನಿಂತು ಹೇಳ್ದ. ನಾನೇ ಸಿಕ್ಕಲಿಲ್ಲ ಅಂತ ಹೇಳಿಸ್ದೆ. ಅವ್ವ ಬರೀ ನಿನ್ನೇ ಕೇಳ್ತಿದ್ಳು, ಅದಕ್ಕೆ. ಬೇಕು ಅಂತ್ಲೇ ಬರಲಿಲ್ಲ ಅಕ್ಕ."

ಅಕ್ಕನ ಕೈ ದಾರದ ಮೇಲೆ ನಿಂತುಬಿಟ್ಟಿತು. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಅವಳು ನನ್ನನ್ನು ನೋಡಲೂ ಇಲ್ಲ. "ಮೊದ್ಲು ಇದನ್ನ ಹಿಡಿ" ಅಂದಳು.

ಇಬ್ಬರೂ ಸೊಂಟದ ತನಕ ನೀರಿಗೆ ಇಳಿದೆವು. ಅವಳು ಗಾಳ ಬಿಡಿಸಿದಳು. ಮೀನಿಗೆ ಈಜುವ ತ್ರಾಣ ಇರಲಿಲ್ಲ. ಹರಿವಿಗೆ ಮುಖ ಮಾಡಿ, ಹೊಟ್ಟೆಯ ಕೆಳಗೆ ನಾಲ್ಕು ಕೈ ಕೊಟ್ಟು, ಮಗುವಿಗೆ ನಡೆ ಕಲಿಸುವಾಗ ಹಿಡಿಯುವಂತೆ ಹಿಡಿದುಕೊಂಡೆವು. ನನ್ನ ಹೆಬ್ಬೆರಳಿನ ಪಕ್ಕದಲ್ಲೇ ನೆಂಟ ಬಿಟ್ಟ ಗುರುತಿತ್ತು, ಅಂಚು ಒಣಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಎಷ್ಟು ಹೊತ್ತು ನಿಂತೆವೋ. ನೀರಿನಲ್ಲಿ ನನ್ನ ಕಾಲು ಮರಗಟ್ಟಿತು. ಕೊನೆಗೆ ಕಿವಿರು ಅಗಲವಾಗಿ ಒಮ್ಮೆ ತೆರೆಯಿತು, ಬಾಲ ನನ್ನ ಮೊಣಕೈಗೆ ಬಡಿಯಿತು, ಮೀನು ಹೋಯಿತು.

ಅಕ್ಕ ದಂಡೆ ಹತ್ತಿ ಕೋಲಿಗೆ ದಾರ ಸುತ್ತಿಕೊಂಡಳು. ನನ್ನ ಕಡೆ ತಿರುಗದೆ ಮನೆಯ ಹಾದಿ ಹಿಡಿದಳು. ಖಾಲಿ ಕ್ಯಾರಿಯರು ಮಂಟಿಯ ಮೇಲೆ ಇತ್ತು. ಜವರಯ್ಯ ಅಂದು ಮೆಲ್ಲಗೆ ಕೂಗಿದ, "ಮಂಚಮ್ಮನ ನೆಂಟ ಎದ್ದ" ಎಂದು.

ಮರುದಿನ ಎದ್ದು ಕೈಗೆ ಬಂದಂತೆ ಅಡುಗೆ ಮಾಡಿದೆ. ರೂಢಿಯಿಂದ ಇಬ್ಬರಿಗಾಗುವಷ್ಟು ಸಾರು ಮಾಡಿಟ್ಟಿದ್ದೆ. ಮಧ್ಯಾಹ್ನವಾಯಿತು. ಹಿತ್ತಲ ಬಾಗಿಲಲ್ಲಿ ನಿಂತೆ, ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಕರೆಯಲೇ ಎಂದು ಬಾಯಿ ತೆರೆದೆ, ಮುಚ್ಚಿದೆ. ಅವಳು ಗಾಳ ಹಿಡಿದು ಕೂತಿಲ್ಲ. ಕರೆಯಲು ಯಾವ ಪದ್ಧತಿಯೂ ಇಲ್ಲ. ನಾನು ಮಾಡಿದ್ದಕ್ಕೆ ಕರೆಯುವ ಮುಖವೂ ಇಲ್ಲ. ಒಳಗೆ ಬಂದು ತಟ್ಟೆಯ ಮುಂದೆ ಕೂತೆ. ತುತ್ತು ಇಳಿಯಲಿಲ್ಲ.

ಗೋಡೆಯಾಚೆ ಪಾತ್ರೆ ಬಿದ್ದ ಸದ್ದಾಯಿತು. ಸೀದ ವಾಸನೆ ಬಂತು. ಯಾರೋ ಒಲೆಯನ್ನು ಬೈದರು. ಆಮೇಲೆ ಹಿತ್ತಲ ಗೋಡೆಯ ಆಚೆಯಿಂದ, ಊರಿಗೆಲ್ಲ ಕೇಳುವಂತೆ, ಅಕ್ಕನ ಧ್ವನಿ ಬಂತು.

"ತಂಗ್ಯವ್ವಾ! ಉಣ್ಣು ಬಾ!"

ತಟ್ಟೆ ಬಿಟ್ಟು ಎದ್ದೆ. ಚಪ್ಪಲಿಯೂ ಹಾಕಿಕೊಳ್ಳಲಿಲ್ಲ. ಅವಳ ಅಡುಗೆಮನೆಯ ತುಂಬ ಹೊಗೆ, ನೆಲದ ಮೇಲೆ ಎರಡು ತಟ್ಟೆ. ಅಕ್ಕನ ಕಣ್ಣು ಊದಿತ್ತು, ರಾತ್ರಿಯೆಲ್ಲ ಅತ್ತಿದ್ದಳೆಂದು ಕಾಣುತ್ತದೆ. ಅವಳು ನನ್ನ ತಟ್ಟೆಗೆ ಮುದ್ದೆ ಹಾಕಿದಳು. ಮುದ್ದೆಯ ತುಂಬ ಗಂಟು. ಸಾರಿಗೆ ಉಪ್ಪೇ ಇರಲಿಲ್ಲ. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.